ಮಗುವಿನ ಕೈ: ಕಲಿಕೆಗೋ, ದುಡಿಮೆಗೋ?

ನಿಮ್ಮ ಮನೆಯ ಹತ್ತು ವರ್ಷದ ಹುಡುಗನನ್ನು ಕರೆದು, ವುಝೂವಿನ ಫರ್ಝ್‌ಗಳು ಎಷ್ಟೆಂದು ಕೇಳಿ ನೋಡಿ. ‘ನಾಲ್ಕು’ ಎಂದು ಥಟ್ಟನೆ ಉತ್ತರ ಬರುತ್ತದೆ. ಮುಖ ತೊಳೆಯುವುದು, ಮೊಣಕೈ ಸಹಿತ ಕೈ ತೊಳೆಯುವುದು, ತಲೆ ಸವರುವುದು, ಹರಡು ಸಹಿತ ಕಾಲು ತೊಳೆಯುವುದು. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಬಳಿಕ ನಮಾಝ್‌ನ ಹೊತ್ತಿಗೆ ಅವನ ಹಿಂದೆಯೇ ಹೋಗಿ ನಳದ ಬಳಿ ನಿಲ್ಲಿ. ನಾನು ಹಾಗೆ ನಿಂತು ನೋಡಿದ್ದೇನೆ. ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ಮಕ್ಕಳ ಮೊಣಕೈ ಒಣಗಿಯೇ ಇರುತ್ತದೆ.

ಇದು ಮಕ್ಕಳ ತಪ್ಪೇ? ಅವರಿಗೆ ಕಲಿಸಿದ್ದು ಬಾಯಿಗೆ. ಬಾಯಿ ಸರಿಯಾಗಿಯೇ ಕಲಿತಿದೆ. ಕೈಗೆ ನಾವು ಕಲಿಸಲೇ ಇಲ್ಲ.

ನನ್ನ ಕಥೆಯೂ ಇದಕ್ಕಿಂತ ಭಿನ್ನವೇನಲ್ಲ. ಫಿಖ್ಹ್ ಪಾಠದಲ್ಲಿ ನಾನು ಬೆಳೆಯ ಝಕಾತ್‌ನ ಅಧ್ಯಾಯವನ್ನು ಒಂದು ಸೇರು ಧಾನ್ಯವನ್ನೂ ಮುಟ್ಟದೆ ಓದಿ ಮುಗಿಸಿದೆ. ಮಳೆಯ ನೀರಿನಿಂದ ಬೆಳೆದುದಕ್ಕೆ ಹತ್ತನೆಯ ಒಂದು ಪಾಲು, ಕಷ್ಟಪಟ್ಟು ನೀರೆತ್ತಿ ಹಾಯಿಸಿ ಬೆಳೆದುದಕ್ಕೆ ಇಪ್ಪತ್ತನೆಯ ಒಂದು ಪಾಲು. ಉತ್ತರ ಪತ್ರಿಕೆಯಲ್ಲಿ ಬರೆದೆ, ಉತ್ತೀರ್ಣನೂ ಆದೆ. ಮುಂದೆ ಕನ್ನಡ ಬಿ.ಎ. ಮುಗಿಸಿ ಈ ಕಡೆಗೆ ಬಂದ ಮೇಲೆ ಒಬ್ಬ ರೈತರು, ‘ಹಜ್ರತ್, ನನ್ನ ರಾಗಿ ಅರ್ಧ ಮಳೆಯಲ್ಲಿ, ಅರ್ಧ ಬೋರ್‌ವೆಲ್‌ನಲ್ಲಿ ಬೆಳೆಯಿತು, ಎಷ್ಟು ಕೊಡಲಿ?’ ಎಂದು ಕೇಳಿದಾಗ ಬೆಪ್ಪಾಗಿ ನಿಂತೆ. ಗ್ರಂಥದಲ್ಲಿ ಉತ್ತರವಿತ್ತು. ಆದರೆ ಹೊಲವನ್ನೇ ಕಾಣದೆ ಓದಿದವನಿಗೆ ಅದು ಗ್ರಂಥದ ಯಾವ ಪುಟದಲ್ಲಿದೆ ಎಂಬುದೇ ಹೊಳೆಯಲಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಬೋಧನಾ ಕ್ರಮವಾದರೋ ಬೇರೆಯೇ ಆಗಿತ್ತು. ಹ. ಅಮ್ಮಾರ್(ರ)ರಿಗೆ ಪ್ರಯಾಣದಲ್ಲಿ ಸ್ನಾನ ಕಡ್ಡಾಯವಾಯಿತು, ನೀರಿರಲಿಲ್ಲ. ಮಣ್ಣಿನಿಂದ ಶುದ್ಧಿಯಾಗುವ ಕ್ರಮ ಸರಿಯಾಗಿ ತಿಳಿಯದ ಅವರು ಪ್ರಾಣಿಯಂತೆ ನೆಲದಲ್ಲಿ ಹೊರಳಾಡಿ ನಮಾಝ್ ನಿರ್ವಹಿಸಿದರು. ಮರಳಿ ಬಂದು ತಿಳಿಸಿದಾಗ ಪ್ರವಾದಿವರ್ಯರು(ಸ) ದೀರ್ಘ ಉಪನ್ಯಾಸ ಮಾಡಲಿಲ್ಲ. ಎರಡು ಕೈಗಳನ್ನು ನೆಲಕ್ಕೆ ಬಡಿದು, ಊದಿ, ಮುಖವನ್ನೂ ಕೈಗಳನ್ನೂ ಸವರಿ ತೋರಿಸಿದರು. ಜನರು ನೋಡಿ ಕಲಿಯಲೆಂದು ಮಿಂಬರ್‌ನ ಮೇಲೆ ನಿಂತು ನಮಾಝ್ ನಿರ್ವಹಿಸಿ, ಸುಜೂದ್‌ಗೆ ಮಾತ್ರ ಕೆಳಗಿಳಿದ ಘಟನೆಯೂ ಬುಖಾರಿಯಲ್ಲಿದೆ. ಅವಸರದಲ್ಲಿ ನಮಾಝ್ ಮುಗಿಸಿದ ಒಬ್ಬನನ್ನು ಮೂರು ಬಾರಿ ಹಿಂದಕ್ಕೆ ಕಳುಹಿಸಿದರು. ನನಗೆ ಇದಕ್ಕಿಂತ ಚೆನ್ನಾಗಿ ಬಾರದು, ಕಲಿಸಿ ಕೊಡಿ ಎಂದು ಅವನೇ ಕೇಳುವವರೆಗೆ ಕಾದು, ಆಮೇಲೆ ಕಲಿಸಿದರು.

ನಂಬಿದ ಮೇಲೆ ನೋಡುವ ಅಗತ್ಯವೇನು ಎನ್ನುವವರಿದ್ದಾರೆ. ಹ. ಇಬ್ರಾಹೀಮ್(ಅ)ರು ನಂಬಿಯೂ, ಮೃತರನ್ನು ಹೇಗೆ ಜೀವಂತಗೊಳಿಸುವೆ ಎಂಬುದನ್ನು ತೋರಿಸೆಂದು ಅಲ್ಲಾಹನಲ್ಲಿ ಬೇಡಿದರು. ಮನಸ್ಸಿಗೆ ಸಮಾಧಾನವಾಗಲೆಂಬ ಆ ಬೇಡಿಕೆ ತಿರಸ್ಕೃತವಾಗಲಿಲ್ಲ. ನಾಲ್ಕು ಹಕ್ಕಿಗಳನ್ನು ಕೈಗೆತ್ತಿಕೊಳ್ಳಲು ಅಪ್ಪಣೆಯಾಯಿತು.

ಇಲ್ಲಿಯವರೆಗೆ ನೀವು ನನ್ನೊಂದಿಗೆ ತಲೆದೂಗುತ್ತಿರಬಹುದು. ಕೈಯಿಂದ ಕಲಿಸಬೇಕೆಂಬುದನ್ನು ಇಂದು ಅಲ್ಲಗಳೆಯುವವರು ಕಡಿಮೆ. ನಮ್ಮ ರಾಜ್ಯದಲ್ಲೇ 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಹುಟ್ಟಿತು. ಕಾರ್ಡು, ಆಟ, ಹಾಡುಗಳೊಂದಿಗೆ ತನ್ನ ವೇಗದಲ್ಲಿ ತಾನೇ ಕಲಿಯುವ ಆ ಕ್ರಮ ಮುಂದೆ ರಾಜ್ಯಾದ್ಯಂತ ಹರಡಿತು. ಆದುದರಿಂದ ಒಪ್ಪಿದವರನ್ನೇ ಮತ್ತೆ ಒಪ್ಪಿಸಲು ಈ ಲೇಖನ ಬರೆಯಬೇಕಾಗಿರಲಿಲ್ಲ. ನನ್ನನ್ನು ಬರೆಯಲು ಹಚ್ಚಿದ್ದು ಒಬ್ಬ ತಂದೆಯ ಮಾತು.

ನಾನಿರುವುದು ಕನಕಪುರದಿಂದ ಸಂಗಮದ ಕಡೆಗೆ ಹೋಗುವ ದಾರಿಯ ದೊಡ್ಡಆಲಹಳ್ಳಿಯಲ್ಲಿ. ರಾಗಿ, ಹಿಪ್ಪುನೇರಳೆ, ರೇಷ್ಮೆ ಹುಳು, ಇವೇ ಇಲ್ಲಿಯ ಬದುಕು. ಹಗಲು ಶಾಲೆಯಲ್ಲಿ ಕನ್ನಡ ಪಾಠ, ಸಂಜೆ ಮಕ್ಕಳಿಗೆ ಮಕ್ತಬ್. ಮಕ್ಕಳಿಗೆ ಒಂದು ತಟ್ಟೆ ರೇಷ್ಮೆ ಹುಳು ಸಾಕಲು ಕೊಡೋಣ, ಅದರಿಂದಲೇ ಲೆಕ್ಕ, ವಿಜ್ಞಾನ, ಕನ್ನಡ ಎಲ್ಲವನ್ನೂ ಕಲಿಸೋಣ ಎಂದು ಯೋಚಿಸಿ ಹೆತ್ತವರನ್ನು ಕರೆದೆ. ಹಿಂದೆ ಕುಳಿತಿದ್ದ ಒಬ್ಬರು ಎದ್ದು ನಿಂತರು. ಊರಿನಲ್ಲಿ ಸಣ್ಣ ಅಂಗಡಿ ಇಟ್ಟಿರುವವರು, ಹುಟ್ಟಿ ಬೆಳೆದದ್ದು ರಾಮನಗರದಲ್ಲಿ.

“ಹಜ್ರತ್, ನಾನು ಎಂಟು ವರ್ಷದವನಿದ್ದಾಗ ಬೇಸಿನ್ ಮುಂದೆ ನಿಂತವನು. ಕುದಿಯುವ ನೀರಿನಿಂದ ಗೂಡು ತೆಗೆದು ತೆಗೆದು ನನ್ನ ಬೆರಳಿನ ಚರ್ಮ ಸುಲಿದು ಹೋಗುತ್ತಿತ್ತು. ರಾತ್ರಿ ಅನ್ನ ಕಲಸಿದರೆ ಉರಿ. ನನ್ನ ಮಗನ ಕೈಗೆ ಪೆನ್ನು ಕೊಡಿ, ಸಾಕು. ರೇಷ್ಮೆ ಬೇಡ.”

ಅವರು ಉರ್ದುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದಿದ್ದೇನೆ. ಅವರು ಬಲಗೈಯನ್ನು ಎತ್ತಿ ತೋರಿಸಿದ ರೀತಿಯನ್ನು ಯಾವ ಭಾಷೆಯಲ್ಲೂ ಬರೆಯಲಾರೆ.

ಓದುಗರೇ, ಇದು ಒಬ್ಬರ ಕಥೆಯಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಏಷ್ಯಾದಲ್ಲೇ ಹೆಸರಾದ ರಾಮನಗರದಲ್ಲಿ, ಮಾಗಡಿಯಲ್ಲಿ ನೂಲು ಬಿಚ್ಚುವ ಕಸುಬಿನಲ್ಲಿರುವವರಲ್ಲಿ ನಮ್ಮವರೇ ಬಹಳ. ಕೂಲಿಗೆ ನಿಂತವರೂ ನಮ್ಮವರೇ, ನಿಲ್ಲಿಸಿಕೊಂಡವರಲ್ಲಿಯೂ ನಮ್ಮವರಿದ್ದರು. ತಂದೆ ಪಡೆದ ಮುಂಗಡ ಸಾಲಕ್ಕೆ ಮಗುವಿನ ಬಾಲ್ಯವನ್ನು ಒತ್ತೆಯಿಟ್ಟ ಕುಟುಂಬಗಳಿದ್ದವು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯು ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕೆ ಸಿಲುಕಿದ ಮಕ್ಕಳ ಬಗ್ಗೆ ಒಂದು ವರದಿ ಪ್ರಕಟಿಸಿತು. ಅದರಲ್ಲಿ ನಮ್ಮ ಈ ಊರುಗಳ ಹೆಸರು ಇವೆ. ಓದಿ ನಾಚಿಕೆಪಟ್ಟವರಿಗಿಂತ ಸಿಟ್ಟಾದವರು ಹೆಚ್ಚು. ಸಿಟ್ಟಾಗಲು ಕಾರಣವೇನಿತ್ತೋ ನನಗಂತೂ ಅರ್ಥವಾಗಿಲ್ಲ.

ಕೆಲಸಕ್ಕೆ ಹಚ್ಚಿದವರೆಲ್ಲ ಅಂದು ಏನು ಹೇಳುತ್ತಿದ್ದರು? ‘ಮಗು ಕಸುಬು ಕಲಿಯುತ್ತಿದೆ’ ಎನ್ನುತ್ತಿದ್ದರು. ಎಳೆಯ ಬೆರಳಿಗೆ ಎಳೆ ಬೇಗ ಸಿಗುತ್ತದೆ, ಅನುಭವದಿಂದಲೇ ವಿದ್ಯೆ, ಪುಸ್ತಕ ಅನ್ನ ಕೊಡುವುದಿಲ್ಲ ಎನ್ನುತ್ತಿದ್ದರು. ನಾನು ಹೆತ್ತವರ ಸಭೆಯಲ್ಲಿ ಆಡಿದ ಮಾತುಗಳೂ ಹೆಚ್ಚುಕಡಿಮೆ ಇವೇ ಆಗಿದ್ದವು! ಅದೇ ಗೂಡು, ಅದೇ ಎಳೆ, ಅದೇ ಮಗುವಿನ ಕೈ. ಒಂದು ಕಲಿಕೆ, ಇನ್ನೊಂದು ಶೋಷಣೆ. ಇವೆರಡರ ನಡುವಿನ ಗೆರೆ ಎಲ್ಲಿದೆ?

ಕಾನೂನು ಎಳೆದ ಗೆರೆಯೊಂದಿದೆ. ಬಾಲಕಾರ್ಮಿಕ ನಿಷೇಧದ 1986ರ ಕಾನೂನನ್ನು 2016ರಲ್ಲಿ ತಿದ್ದಿ, ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ವಿಧಿಸಲಾಯಿತು. ಜೊತೆಗೇ ಒಂದು ವಿನಾಯಿತಿ: ಅಪಾಯಕಾರಿಯಲ್ಲದ ಮನೆತನದ ಉದ್ಯೋಗದಲ್ಲಿ ಶಾಲೆಯ ಹೊತ್ತು ಬಿಟ್ಟು, ಅಥವಾ ರಜೆಯಲ್ಲಿ ಮಗು ನೆರವಾಗಬಹುದು. ಕಾನೂನು ಅಷ್ಟೇ ಹೇಳಬಲ್ಲದು. ಶಾಲೆ ಬಿಟ್ಟ ಮೇಲೆ ಮನೆಯ ಹಿತ್ತಲಲ್ಲಿ ಆ ಮಗು ಕಲಿಯುತ್ತಿದೆಯೋ ದುಡಿಯುತ್ತಿದೆಯೋ ಎಂಬುದನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ನೋಡುವವನು ಅಲ್ಲಾಹನು, ಮತ್ತು ನೋಡಲು ಮನಸ್ಸಿದ್ದರೆ ನೀವು.

ಇದು ಹೊಸ ಪ್ರಶ್ನೆಯೂ ಅಲ್ಲ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬಿನ ಮೂಲಕ ಶಿಕ್ಷಣವೆಂಬ ‘ನಯೀ ತಾಲೀಮ್’ ಯೋಜನೆಯನ್ನು ಮುಂದಿಟ್ಟಾಗ, ಅದರ ಪಠ್ಯಕ್ರಮ ರೂಪಿಸಿದ ಸಮಿತಿಯ ಅಧ್ಯಕ್ಷರಾದವರು ಡಾ. ಝಾಕಿರ್ ಹುಸೇನ್. ಜಾಮಿಯಾ ಮಿಲ್ಲಿಯಾವನ್ನು ಕಷ್ಟಕಾಲದಲ್ಲಿ ನಡೆಸಿಕೊಂಡು ಬಂದವರು, ಮುಂದೆ 1967ರಲ್ಲಿ ರಾಷ್ಟ್ರಪತಿಯಾದವರು. ಮಕ್ಕಳು ನೂತ ನೂಲು, ಮಾಡಿದ ವಸ್ತು ಮಾರಾಟವಾಗಿ ಶಾಲೆಯ ಖರ್ಚು ಹುಟ್ಟಬೇಕೆಂಬುದು ಗಾಂಧೀಜಿಯ ಆಸೆ. ಝಾಕಿರ್ ಸಾಹೇಬರ ಸಮಿತಿ ಯೋಜನೆಯನ್ನು ಎತ್ತಿಹಿಡಿಯಿತು. ಆದರೆ ಅದರ ವರದಿಯಲ್ಲೇ ಒಂದು ಎಚ್ಚರಿಕೆಯನ್ನೂ ಬರೆಯಿತು: ಆದಾಯದ ಕಡೆಗೇ ಕಣ್ಣು ಹೋದರೆ ಶಿಕ್ಷಣದ ಉದ್ದೇಶ ಬಲಿಯಾಗುವ ಅಪಾಯವಿದೆ. ತಾನು ಮೆಚ್ಚಿದ ಯೋಜನೆಯಲ್ಲೇ ಅಪಾಯವನ್ನು ಕಂಡು ಬರೆಯುವ ಪ್ರಾಮಾಣಿಕತೆ ಅಪರೂಪ.

ಆ ತಂದೆಗೆ ಉತ್ತರ ಕೊಡಲಾಗದೆ ಮನೆಗೆ ಬಂದ ನನಗೆ ಒಂದು ಹದೀಸ್ ನೆನಪಾಯಿತು. ಅಬೂ ದಾವೂದ್‌ನಲ್ಲಿದೆ, ಹ. ಅಬೂ ಸಈದ್ ಅಲ್ ಖುದ್ರೀ(ರ) ವರದಿ ಮಾಡಿದ್ದು. ಪ್ರವಾದಿವರ್ಯರು(ಸ) ಹೋಗುತ್ತಿದ್ದ ದಾರಿಯಲ್ಲಿ ಒಬ್ಬ ಹುಡುಗ ಕುರಿಯ ಚರ್ಮ ಸುಲಿಯುತ್ತಿದ್ದ. ಅವನಿಗೆ ಅದು ಬರುತ್ತಿರಲಿಲ್ಲ. ಸ್ವಲ್ಪ ಸರಿ, ತೋರಿಸುತ್ತೇನೆ ಎಂದು ಹೇಳಿ, ಚರ್ಮಕ್ಕೂ ಮಾಂಸಕ್ಕೂ ನಡುವೆ ತಮ್ಮ ಕೈಯನ್ನು ಕಂಕುಳಿನವರೆಗೆ ಮರೆಯಾಗುವಂತೆ ತೂರಿಸಿ ತೋರಿಸಿದರು. ವುಝೂವಿನ ಅಧ್ಯಾಯದಲ್ಲಿ ಬರುವ ಹದೀಸ್ ಇದು. ಹಸಿ ಮಾಂಸ ಮುಟ್ಟಿದರೆ ವುಝೂ ಮುರಿಯುವುದಿಲ್ಲ ಎಂಬುದಕ್ಕೆ ಆಧಾರವೆಂದು ನಮಗೆ ಕಲಿಸಿದ್ದರು. ಸರಿಯೇ. ಆದರೆ ಅಂದು ರಾತ್ರಿ ನನಗೆ ಕಂಡದ್ದು ಬೇರೆ. ಆ ಕುರಿಯೊಳಗೆ ಮೊದಲು ಹೋದದ್ದು ಯಾರ ಕೈ?

ರಾಮನಗರದ ಬೇಸಿನ್‌ಗಳಲ್ಲಿ ಮಾಲೀಕನ ಕೈ ಒಣಗಿತ್ತು, ಮಗುವಿನ ಕೈ ಕುದಿಯುವ ನೀರಿನಲ್ಲಿತ್ತು. ಕಲಿಸುವವನ ತೋಳು ಮೊದಲು ಒದ್ದೆಯಾಗದಿದ್ದರೆ ಅದು ಕಲಿಕೆಯಲ್ಲ. ಇಷ್ಟು ನನಗೆ ಸ್ಪಷ್ಟವಾಯಿತು. ಆದರೆ ಇದು ಅರ್ಧ ಉತ್ತರ ಮಾತ್ರ ಎಂಬುದನ್ನು ಮುಂದೆ ನಾನೇ ತಪ್ಪು ಮಾಡಿ ತಿಳಿದುಕೊಳ್ಳಬೇಕಾಯಿತು.

ಅಂಗಡಿಯವರಲ್ಲಿಗೆ ಹೋಗಿ ವಿನಂತಿಸಿದೆ. ಬಿಸಿನೀರಿನ ಹತ್ತಿರ ಯಾವ ಮಗುವನ್ನೂ ಬಿಡುವುದಿಲ್ಲ, ಒಂದು ರೂಪಾಯಿಯ ಗೂಡನ್ನೂ ಮಾರುವುದಿಲ್ಲ ಎಂದು ಮಾತು ಕೊಟ್ಟೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ಸೊಪ್ಪು ತೂಗಲು ಅವರ ಅಂಗಡಿಯ ತಕ್ಕಡಿಯನ್ನೇ ಬಳಸಿಕೊಳ್ಳಿ ಎಂದರು. ಎರಡನೇ ಜ್ವರ ಎದ್ದ ಇನ್ನೂರು ಹುಳುಗಳನ್ನು ಒಬ್ಬ ರೈತರು ಕೊಟ್ಟರು.

ಮುಂದಿನ ದಿನಗಳ ಬಗ್ಗೆ ಎಷ್ಟು ಬರೆದರೂ ಕಡಿಮೆ. ಮೂರನೇ ಜ್ವರಕ್ಕೆ ಹುಳುಗಳು ತಲೆಯೆತ್ತಿ, ಸೊಪ್ಪು ಮುಟ್ಟದೆ ಕಲ್ಲಾಗಿ ನಿಂತಾಗ ಮಕ್ಕಳು ಹೆದರಿದರು. ಒಬ್ಬಳು, “ಹಜ್ರತ್, ಹುಳುಗಳು ರೋಝಾ ಹಿಡಿದಿವೆ!” ಎಂದಳು. ಮರುದಿನ ಹಳೆಯ ಚರ್ಮ ಕಳಚಿ ಎದ್ದ ಹುಳುಗಳನ್ನು ಕಂಡಾಗ ಅವರ ಸಂಭ್ರಮ ನೋಡಬೇಕಿತ್ತು. ದಿನವೂ ಸೊಪ್ಪು ತೂಗಿ ಬರೆದಿಟ್ಟರು. ನಾಲ್ಕನೇ ಜ್ವರ ಎದ್ದ ಮೇಲೆ ತೂಕ ಮೇಲೇರಿದ್ದನ್ನು ಕಂಡು ಲೆಕ್ಕ ತಪ್ಪಾಗಿದೆಯೆಂದು ಮತ್ತೆ ತೂಗಿದರು. ತಪ್ಪಾಗಿರಲಿಲ್ಲ. ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಈ ಕಡೆಯ ಹಂತದ್ದು. ಮೊಟ್ಟೆಯಿಂದ ಹೊರಬಂದಂದಿನಿಂದ ಹಣ್ಣಾಗುವವರೆಗೆ, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ, ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟಾಗುತ್ತದೆ. ಶೇಕಡಾ ಲೆಕ್ಕಕ್ಕೆ ನಾನು ಬೇರೆ ಪಾಠ ಮಾಡಬೇಕಾಗಲಿಲ್ಲ.

ಕೈಯಿಂದ ಕಲಿತ ಮಗು ಕೇಳುವ ಪ್ರಶ್ನೆಗಳೂ ಬೇರೆ. ‘ಗಂಡಸರು ರೇಷ್ಮೆ ಉಡಬಾರದಲ್ಲ, ಮತ್ತೆ ನಾವೇಕೆ ಸಾಕುತ್ತೇವೆ?’ ಎಂದು ಒಬ್ಬ. ಅದಕ್ಕೆ ಉತ್ತರ ಸುಲಭ: ಸ್ತ್ರೀಯರಿಗೆ ಅನುಮತಿ ಇದೆ, ವ್ಯಾಪಾರಕ್ಕೂ ಅಡ್ಡಿಯಿಲ್ಲ. ಆದರೆ ರೋಝಾ ಎಂದಿದ್ದ ಆ ಹುಡುಗಿ, ‘ಗೂಡು ಬೇಯಿಸಿದರೆ ಒಳಗಿನ ಹುಳು ಸಾಯುತ್ತದಲ್ಲವೇ?’ ಎಂದಳು. ಸಾಯುತ್ತದೆ ಎಂದೆ. ಅಗತ್ಯಕ್ಕೆ ಅನುಮತಿ ಇದೆ, ಅನಗತ್ಯವಾಗಿ ನೋಯಿಸುವುದು ಪಾಪ ಎಂದೆ. ಅವಳ ಮುಖ ನೋಡಿದರೆ ಸಮಾಧಾನವಾದಂತೆ ಕಾಣಲಿಲ್ಲ. ಪುಸ್ತಕದಿಂದ ರೇಷ್ಮೆಯ ಪಾಠ ಮಾಡಿದ ಇಷ್ಟು ವರ್ಷಗಳಲ್ಲಿ ಒಂದು ಮಗುವೂ ನನ್ನನ್ನು ಇದನ್ನು ಕೇಳಿರಲಿಲ್ಲ.

ಇನ್ನು ನನ್ನ ತಪ್ಪು. ಒಂದು ದಿನ ಮಳೆ ಬಂದಿತ್ತು. ಸೊಪ್ಪಿನ ಸರದಿ ಆ ಅಂಗಡಿಯವರ ಮಗನದು. ಒದ್ದೆ ಸೊಪ್ಪನ್ನು ಒರೆಸದೆ ಹಾಕಿಬಿಟ್ಟ. ಎರಡು ದಿನಗಳಲ್ಲಿ ಸುಮಾರು ನಲವತ್ತು ಹುಳುಗಳು ಸತ್ತವು. ತಟ್ಟೆಯನ್ನು ನೋಡಿದ ನನಗೆ ಸಿಟ್ಟು ತಡೆಯಲಾಗಲಿಲ್ಲ. ಎಲ್ಲರೆದುರು, “ಯಾಕೆ ಹಾಕಿದೆ? ಒರೆಸಬೇಕೆಂದು ಗೊತ್ತಿರಲಿಲ್ಲವೇ?” ಎಂದು ಗದರಿದೆ. ಗೊತ್ತಿರಲಿಲ್ಲ. ನಾನು ಹೇಳಿಯೇ ಇರಲಿಲ್ಲ. ಮರುದಿನ ಹುಡುಗ ಬರಲಿಲ್ಲ, ಅದರ ಮರುದಿನವೂ ಇಲ್ಲ.

ಅಂಗಡಿಗೆ ಹೋದೆ. ತಂದೆ ತಕ್ಕಡಿಯ ಹಿಂದೆ ಕುಳಿತಿದ್ದರು. ಜಗಳವಾಡಲಿಲ್ಲ.

“ಅಲ್ಲಿಯೂ ಹೀಗೇ ಇತ್ತು, ಹಜ್ರತ್. ಎಳೆ ತುಂಡಾದರೆ ಬೈಗುಳ. ಕೈ ಸುಟ್ಟದ್ದು ಮರೆತುಹೋಗುತ್ತದೆ. ‘ನಿನ್ನಿಂದ ಇಷ್ಟು ನಷ್ಟ’ ಎಂದದ್ದು ಮರೆಯುವುದಿಲ್ಲ.”

ಹ. ಅನಸ್(ರ)ರು ಬಾಲಕನಾಗಿದ್ದಾಗ ಪ್ರವಾದಿವರ್ಯರ(ಸ) ಸೇವೆಗೆ ಸೇರಿ ಹತ್ತು ವರ್ಷ ಇದ್ದರು. ಆ ಅವಧಿಯಲ್ಲಿ ತಾನು ಮಾಡಿದ್ದಕ್ಕೆ ಯಾಕೆ ಮಾಡಿದೆ ಎಂದಾಗಲಿ, ಮಾಡದೆ ಬಿಟ್ಟದ್ದಕ್ಕೆ ಯಾಕೆ ಬಿಟ್ಟೆ ಎಂದಾಗಲಿ ಅವರ ಬಾಯಿಂದ ಕೇಳಲಿಲ್ಲವೆಂದು ಅವರೇ ತಿಳಿಸಿದ್ದಾರೆ. ಈ ಹದೀಸನ್ನು ನಾನು ಮಕ್ಕಳಿಗೆ ಕಲಿಸಿದ್ದೆ. ನನ್ನ ಬಾಯಿಂದ ಬಂದ ಮೊದಲ ಪದವೇ ‘ಯಾಕೆ’! ಇಬ್ನ್ ಖಲ್ದೂನ್ 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ, ಕಸುಬೆಂಬುದು ಮತ್ತೆ ಮತ್ತೆ ಮಾಡಿದುದರಿಂದ ಮನುಷ್ಯನಲ್ಲಿ ಬೇರೂರುವ ಗುಣವೆಂದು ವಿವರಿಸಿದ್ದಾರೆ. ಅದೇ ಗ್ರಂಥದಲ್ಲಿ, ಗದರಿಕೆ ಮತ್ತು ಕಠೋರತೆಯಿಂದ ಬೆಳೆದ ಮಗು ಸುಳ್ಳನ್ನೂ ಕಪಟವನ್ನೂ ಕಲಿಯುತ್ತದೆ ಎಂದೂ ಬರೆದಿದ್ದಾರೆ. ಮತ್ತೆ ಮತ್ತೆ ಮಾಡುವುದೆಂದರೆ ಮತ್ತೆ ಮತ್ತೆ ಕೆಡಿಸುವುದೂ ಹೌದು. ಕೆಡಿಸಲು ಅವಕಾಶವಿಲ್ಲದ ಕಡೆ ಮಗು ಕೆಲಸಗಾರ, ವಿದ್ಯಾರ್ಥಿಯಲ್ಲ. ಮಗುವಿನ ತಪ್ಪಿಗೆ ನೀವು ನಷ್ಟದ ಲೆಕ್ಕ ಹಾಕಿದ ಕ್ಷಣವೇ ನಿಮ್ಮ ಮನೆಯೋ ನನ್ನ ತರಗತಿಯೋ ಬೇಸಿನ್ ಆಗಿಬಿಡುತ್ತದೆ, ಅಲ್ಲಿ ಬಿಸಿನೀರು ಇಲ್ಲದಿದ್ದರೂ. ಹುಡುಗನ ಮುಂದೆ ನಿಂತು, ತಪ್ಪು ನನ್ನದು, ಹೇಳಬೇಕಾದವನು ನಾನು ಎಂದೆ. ಅವನು ತಲೆ ತಗ್ಗಿಸಿಯೇ ಇದ್ದ. ಮರುದಿನ ಬಂದ.

ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಾಯಂದಿರು, ನಮಗೆ ಹುಳುವೂ ಇಲ್ಲ, ತಟ್ಟೆಯೂ ಇಲ್ಲ ಎನ್ನಬಹುದು. ನಿಮ್ಮ ಅಡುಗೆ ಮನೆಯಲ್ಲಿ ಪಾವು, ಸೇರು ಇವೆಯಲ್ಲ? ನಾಲ್ಕು ಪಾವಿಗೆ ಒಂದು ಸೇರೆಂದು ಬಾಯಿಪಾಠ ಮಾಡಿಸಬೇಡಿ, ರಾಗಿ ಅಳೆಯಲು ಬಿಡಿ. ನೂರು ಪಾವು ಅಳೆಸಿ, ಮಳೆಯ ಬೆಳೆಯಾದರೆ ಹತ್ತು, ಬೋರ್‌ವೆಲ್‌ನದಾದರೆ ಐದು ಬೇರೆ ರಾಶಿ ಹಾಕಿಸಿ. ಬಡವನ ಹಕ್ಕು ಎಷ್ಟೆಂಬುದನ್ನು ಮಗುವಿನ ಕೈ ಕಾಣಲಿ. ಚೆಲ್ಲುತ್ತಾನೆ, ಚೆಲ್ಲಲಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅವರಿಂದ ಪಾತ್ರೆ ತೊಳೆಸಿ ‘ಕಲಿಯಲಿ’ ಎನ್ನುತ್ತೇವೆ, ಗಂಡುಮಕ್ಕಳನ್ನು ಆಟಕ್ಕೆ ಕಳುಹಿಸುತ್ತೇವೆ. ಅದು ಅಷ್ಟು ಒಳ್ಳೆಯ ಕಲಿಕೆಯಾಗಿದ್ದರೆ ಮಗನಿಗೆ ಏಕೆ ಬೇಡವಾಯಿತು?

ಹುಳುಗಳು ಹಣ್ಣಾದವು. ಚಂದ್ರಿಕೆಗೆ ಬಿಟ್ಟೆವು, ಗೂಡು ಕಟ್ಟಿದವು. ಒಂದು ಗೂಡಿನ ಎಳೆ ಎಷ್ಟು ಉದ್ದವಿರುತ್ತದೆ ಎಂದು ಮಕ್ಕಳಿಗೆ ಕುತೂಹಲ. ಆರುನೂರು ಮೀಟರಿಗೂ ಹೆಚ್ಚು ಎಂದರೆ ಯಾರೂ ನಂಬಲಿಲ್ಲ. ಹತ್ತು ಗೂಡುಗಳನ್ನು ಬೇಯಿಸಿ ಪಾತ್ರೆಯನ್ನು ಜಗಲಿಯ ಮೇಲಿಟ್ಟೆ. ಕೊಟ್ಟ ಮಾತಿನಂತೆ ಮಕ್ಕಳು ದೂರ ನಿಂತರು. ಎಷ್ಟು ತಡಕಾಡಿದರೂ ನನಗೆ ಎಳೆಯ ತುದಿ ಸಿಗಲಿಲ್ಲ, ಬೆರಳು ಸುಟ್ಟದ್ದಷ್ಟೇ ಲಾಭ.

ಯಾರೋ ಹಿಂದಿನಿಂದ, “ಸರಿಯಿರಿ ಹಜ್ರತ್” ಎಂದರು. ಅಂಗಡಿ ಮುಚ್ಚಿ ಬಂದಿದ್ದರು. ತಣ್ಣೀರು ತರಿಸಿ ಬೆರೆಸಿದರು, ಕೈ ಅದ್ದಿ ನೋಡಿದರು, ಇನ್ನಷ್ಟು ಬೆರೆಸಿದರು. ಒಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಏನು ಮಾಡಿದರೋ, ಕಣ್ಣಿಗೆ ಕಾಣದಂಥ ಎಳೆಯೊಂದು ಮೇಲೆದ್ದು ಬಂತು. ಮಗನನ್ನು ಕರೆದು ಅದರ ತುದಿಯನ್ನು ಅವನ ಕೈಗೆ ಕೊಟ್ಟರು. ಸುತ್ತಲು ಒಂದು ಮೀಟರಿನ ಮರದ ಚೌಕಟ್ಟು ಮಾಡಿಟ್ಟಿದ್ದೆವು. ಹುಡುಗ ಸುತ್ತತೊಡಗಿದ, ಉಳಿದವರು ಎಣಿಸತೊಡಗಿದರು. ನೂರ ಎಂಬತ್ತಕ್ಕೆ ಎಳೆ ತುಂಡಾಯಿತು. ಹುಡುಗ ಗಾಬರಿಯಿಂದ ತಂದೆಯ ಮುಖ ನೋಡಿದ.

ಅವರು ಪಾತ್ರೆಯಿಂದ ಕಣ್ಣೆತ್ತಲಿಲ್ಲ. ಮತ್ತೆ ತುದಿ ಹುಡುಕುತ್ತಾ, “ಎಲ್ಲಿಗೆ ನಿಂತಿತ್ತು? ನೂರ ಎಂಬತ್ತಲ್ಲವೇ? ಅಲ್ಲಿಂದಲೇ ಎಣಿಸಿ” ಎಂದರು.